ಕೊರಡಿನ ಮೇಲೆ ಬಿಟ್ಟ ತಲೆಗಳು

ಇಪ್ಪತ್ತೊಂದನೆಯ ಮೂಳೆ ಆಮೆಯದಾಗಿರಲಿಲ್ಲ.

ಪೊಲೀಸ್ ಡೆಪ್ಯುಟಿ ಎವಾರಿಸ್ತ್ ತೂಪ್ಸ್ ಅದನ್ನು ಇಕ್ಕುಳದಲ್ಲಿ ಹಿಡಿದು ಕಿಟಕಿಯ ಬೆಳಕಿಗೆ ತಿರುಗಿಸಿದ. ಅದು ಶಾಲೆಯ ವಿಜ್ಞಾನದ ಕೋಣೆ. ಶನಿವಾರವಾದ್ದರಿಂದ ಮಕ್ಕಳಿರಲಿಲ್ಲ. ಉದ್ದ ಮೇಜಿನ ಮೇಲೆ ಬಿಳಿ ಮೇಣಬಟ್ಟೆ ಹಾಸಿಕೊಂಡು, ಝೆನೋಬಿ ದೊಡ್ಡಮ್ಮನ ಒಲೆಯ ಮೇಲಿಂದ ತಂದ ಸೂಪನ್ನು ಅವನು ಬೆಳಗಿನಿಂದ ಸೌಟು ಸೌಟಾಗಿ ಸೋಸುತ್ತಿದ್ದ.

ಮೊದಲ ಇಪ್ಪತ್ತು ಮೂಳೆಗಳದು ಒಂದೇ ಮಾತು. ಬಾಗಿದ ತೊಡೆಮೂಳೆ, ಚಪ್ಪಟೆ ಭುಜ, ಬಾಲದ ಮಣಿಗಳು. ಎಲ್ಲ ಆಮೆ. ಆದರೆ ಇದು ಗುಂಡಗಿತ್ತು, ದಪ್ಪಗಿತ್ತು, ತುದಿ ಇನ್ನೂ ಪೂರ್ತಿ ಕೂಡಿಕೊಂಡಿರಲಿಲ್ಲ. ಬೆಳೆಯುತ್ತಿದ್ದ ಯಾವುದೋ ಗೊರಸಿನ ಪ್ರಾಣಿಯ ಮಂಡಿ.

"ಕ್ಲೆಲಿ ಅಜ್ಜಿ, ಇದೇನು ಹೇಳು ನೋಡೋಣ."

ಮೂಲೆಯ ಸ್ಟೂಲಿನ ಮೇಲೆ ಶಾಲು ಹೊದ್ದು ಕೂತಿದ್ದ ಮುದುಕಿ ಕೈ ಚಾಚಿದಳು. ಕಣ್ಣು ಹೋಗುವವರೆಗೆ ನಲವತ್ತು ವರ್ಷ ಝೆನೋಬಿಯ ಪಕ್ಕದಲ್ಲಿ ನಿಂತು ಈರುಳ್ಳಿ ಹೆಚ್ಚಿದವಳು ಅವಳು.

"ನೋಡಿ ಹೇಳೋ ಕಣ್ಣು ಯಾವತ್ತೋ ಹೋಯ್ತು. ಇತ್ತ ಕೊಡು."

ಹೆಬ್ಬೆರಳಿನಿಂದ ಸವರಿದಳು. ಮೂಗಿಗೆ ಹಿಡಿದಳು. ಮರುಕ್ಷಣ ಕೆಂಡ ಮುಟ್ಟಿದವಳಂತೆ ಅದನ್ನು ಕೆಳಗೆ ಬಿಟ್ಟು, ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡಳು.

"ಕರು."

"ಖಾತ್ರಿಯಾ?"

"ಅರವತ್ತು ವರ್ಷ ಅಡುಗೆಮನೇಲಿ ಸವೆದವಳಿಗೆ ಕರುವಿನ ಮಂಡಿ ಗೊತ್ತಾಗಲ್ವೇನೋ, ಬಡ್ಡಿಮಗನೇ? ಶುಭ ಶುಕ್ರವಾರದ ಪಾತ್ರೇಲಿ ಕರುವಿನ ಮಾಂಸ! ಝೆನೋಬಿ ಸತ್ರೂ ಇಂಥ ಕೆಲಸ ಮಾಡೋಳಲ್ಲ."

ಆಡಿದ ಮೇಲೆ ಆ ಮಾತು ಅವಳಿಗೇ ಕೇಳಿಸಿತು. ಶಾಲಿನ ಅಂಚನ್ನು ಬಾಯಿಗೆ ಒತ್ತಿಕೊಂಡಳು.

ಎವಾರಿಸ್ತ್ ಮೂಳೆಯನ್ನು ಹೆಕ್ಕಿ ಮೇಣಬಟ್ಟೆಯ ಮೇಲೆ ಬೇರೆಯಾಗಿ ಇಟ್ಟ. ಈಸ್ಟರ್ ಹಬ್ಬಕ್ಕೆ ಮುಂಚಿನ ತಪಸ್ಸಿನ ನಲವತ್ತು ದಿನದಲ್ಲಿ ಶುಕ್ರವಾರ ಮಾಂಸ ತಿನ್ನುವಂತಿಲ್ಲ. ಆಮೆ ನೀರಿನ ಜೀವಿ, ಹಾಗಾಗಿ ಮೀನಿನ ಲೆಕ್ಕ ಎಂದು ಯಾವ ಕಾಲದ ಯಾವ ಪಾದ್ರಿ ಅಪ್ಪಣೆ ಕೊಟ್ಟನೋ, ಈ ಹಿನ್ನೀರಿನ ಊರಿಗೆ ಅದು ವರವಾಗಿತ್ತು. ಎರಡು ವರ್ಷ ಕಾಲೇಜಿನಲ್ಲಿ ಜೀವಶಾಸ್ತ್ರ ಓದಿದ್ದ ಎವಾರಿಸ್ತ್‌ಗೆ ಆ ಲೆಕ್ಕ ನೆನೆದಾಗಲೆಲ್ಲ ನಗು ಬರುತ್ತಿತ್ತು. ಆದರೂ ಮೂರು ಗಂಟೆಯ ಪ್ರಾರ್ಥನೆ ಮುಗಿದ ಮೇಲೆ ಚರ್ಚಿನ ಅಂಗಳದಲ್ಲಿ ಬಟ್ಟಲು ಹಿಡಿದು ಸಾಲಿನಲ್ಲಿ ನಿಲ್ಲುವುದನ್ನು ಅವನು ಒಂದು ವರ್ಷವೂ ತಪ್ಪಿಸಿರಲಿಲ್ಲ. ಝೆನೋಬಿಯ ಅಜ್ಜಿಯ ಕಾಲದಿಂದ ಆ ಪಾತ್ರೆ ಊರಿನದು.

ನಿನ್ನೆ ನಾಲ್ಕು ಗಂಟೆಗೆ ಆ ಪಾತ್ರೆ ಹೊರಲು ಹೋದ ಹೆಂಗಸರಿಗೆ ಹಿತ್ತಲಿನ ಅಡುಗೆಮನೆಯಲ್ಲಿ ಸಿಕ್ಕಿದ್ದು ಝೆನೋಬಿಯ ಹೆಣ. ಅವಳದೇ ಕೊಡಲಿಯ ಹಿಂಬದಿಯಿಂದ ತಲೆಗೆ ಹೊಡೆದಿದ್ದರು.

ಆರು ಗಂಟೆಗೆ ಎವಾರಿಸ್ತ್ ತಾನೇ ಹೋಗಿ ಆಮೆ ಹಿಡಿಯುವ ತೆಯೋಫಿಲ್ ವರ್ದೇನನಿಗೆ ಬೇಡಿ ಹಾಕಿದ್ದ. ವರ್ದೇನ್ ಈ ನೆಲದ ಮೂಲನಿವಾಸಿಗಳಾದ ಹೂಮಾ ಬುಡಕಟ್ಟಿನವನು. ಬಿಳಿಯರ ಚರ್ಚಿನಲ್ಲಿ ಹಿಂದಿನ ಬೆಂಚು, ಬಿಳಿಯರ ಅಂಗಡಿಯಲ್ಲಿ ಹಿಂದಿನ ಬಾಗಿಲು. ಹನ್ನೆರಡೂವರೆಗೆ ಅಂಗಿಯ ಮೇಲೆ ರಕ್ತ ಮೆತ್ತಿಕೊಂಡು ಅವನು ದೋಣಿಯಲ್ಲಿ ಹೋಗುವುದನ್ನು ಸೇತುವೆ ಕಾಯುತ್ತಿದ್ದ ಎವಾರಿಸ್ತ್‌ನ ಮೇಲಧಿಕಾರಿ ಷೆರೀಫ್ ಲಬಾತ್ ಕಣ್ಣಾರೆ ಕಂಡಿದ್ದರು. ಸೋಮವಾರ ಅವನನ್ನು ಜಿಲ್ಲಾ ನ್ಯಾಯಾಲಯಕ್ಕೆ ಒಯ್ಯಬೇಕು. ಈ ರಾಜ್ಯದಲ್ಲಿ ಮರಣದಂಡನೆಯ ಕರೆಂಟಿನ ಕುರ್ಚಿ ಲಾರಿಯಲ್ಲಿ ಊರಿಂದೂರಿಗೆ ಬರುತ್ತದೆ. ಬೇಸಿಗೆಗೆ ಮುಂಚೆ ನಮ್ಮೂರಿಗೂ ಬರುತ್ತದೆ ಎಂದು ನಿನ್ನೆ ಸಂಜೆಯೇ ಜನ ಆಡಿಕೊಳ್ಳತೊಡಗಿದ್ದರು.

ವರ್ದೇನ್ ಹೇಳಿದ್ದು ಬಹಳ ಕಡಿಮೆ. "ಈಸ್ಟರ್ ಭಾನುವಾರಕ್ಕೆ ಅಂತ ಎರಡು ಆಮೆ ತಂದಿದ್ದೆ. ದೊಡ್ಡಮ್ಮ ಒಳಗಿಂದಲೇ, ತೂಗುಹಾಕಿ ಹೋಗು, ಒಳಗೆ ಬರಬೇಡ ಅಂದ್ರು. ಅತ್ತಿದ್ದ ಗಂಟಲು. ಅಂಗಳದ ಕೊರಡಿನ ಮೇಲೆ ಅವರ ಕೊಡಲೀಲೇ ಕಡಿದೆ, ರಕ್ತ ಇಳೀಲಿ ಅಂತ ಮೊಳೆಗೆ ತೂಗುಹಾಕಿದೆ, ಹೋದೆ."

"ತಲೆಗಳು?"

"ಕೊರಡಿನ ಮೇಲೇ ಬಿಟ್ಟೆ, ಕೊಡಲಿ ಪಕ್ಕ. ಯಾವತ್ತೂ ಹೂಳ್ತೀನಿ. ನಿನ್ನೆ ನೆಲ ಅಗೆಯೋ ಹಾಗಿತ್ತಾ, ಸ್ವಾಮಿ?"

ಇರಲಿಲ್ಲ. ಶುಭ ಶುಕ್ರವಾರ ಗುದ್ದಲಿ ಹಾಕಿದರೆ ನೆಲದಿಂದ ರಕ್ತ ಬರುತ್ತದೆ ಎಂದು ಇಲ್ಲಿ ಎಲ್ಲರೂ ನಂಬುತ್ತಾರೆ. ಆದರೆ ಮೊಳೆಯಲ್ಲಿ ಆಮೆ ಇರಲಿಲ್ಲ, ಕೊರಡಿನ ಮೇಲೆ ತಲೆಯೂ ಇರಲಿಲ್ಲ. ವರ್ದೇನನ ಬಾಯಲ್ಲಿ ಬಂದದ್ದೆಲ್ಲ ಸುಳ್ಳು ಎಂದು ಊರು ತೀರ್ಮಾನಿಸಿತು.

ಎವಾರಿಸ್ತ್ ಕೇಳಿದ್ದು ಆ ಅಂಗಿಯನ್ನು. ಆಮೆಯ ಕೆಂಪು ರಕ್ತಕಣದ ನಡುವೆ ಬೀಜದಂಥ ಒಂದು ಚುಕ್ಕೆ ಇರುತ್ತದೆ, ಮನುಷ್ಯನದರಲ್ಲಿ ಇರುವುದಿಲ್ಲ. ಒಂದೆಳೆ ದಾರ ನೆನೆಸಿ ಈ ಕೋಣೆಯ ಸೂಕ್ಷ್ಮದರ್ಶಕದ ಕೆಳಗಿಟ್ಟರೆ, ಕಣಗಳು ಒಡೆಯದೆ ಉಳಿದಿದ್ದರೆ, ಅರ್ಧ ಗಂಟೆಯ ಕೆಲಸ. ಷೆರೀಫ್ ಅಂಗಿಯನ್ನು ತಮ್ಮ ಬೀರುವಿನಲ್ಲಿಟ್ಟು ಬೀಗ ಹಾಕಿದ್ದರು. "ರಾಜಧಾನಿಗೆ ಕಳಿಸ್ತೀನಿ. ನಿನ್ನ ಶಾಲೆ ಆಟ ಬೇಡ."

ಅವನಿಗೆ ಉಳಿದದ್ದು ಈ ಪಾತ್ರೆ ಒಂದೇ.

"ಅಜ್ಜಿ, ಆಮೆ ಸೂಪಿಗೆ ಕರು ಸೇರಿಸೋರು ಯಾರು?"

"ಇನ್ಯಾರು, ಪಟ್ಟಣದ ಹೋಟ್ಲಿನೋರು. ನಮ್ಮಜ್ಜಿ ಕಾಲಕ್ಕೆ ಇದು ಜೌಗಿನ ಬಡವರ ಊಟ. ಆಮೇಲೆ ದೊರೆಗಳಿಗೆ ರುಚಿ ಹತ್ತಿ, ಬೆಳ್ಳಿ ಚಮಚ ಬಂತು, ನಿಂಬೆಹಣ್ಣು, ಮೊಟ್ಟೆ, ಮೇಲೆ ಶೆರ್ರಿ ವೈನು. ಅಷ್ಟು ಜನಕ್ಕೆ ಆಮೆ ಎಲ್ಲಿಂದ ಬರ್ಬೇಕು? ಅರ್ಧ ಆಮೆ, ಅರ್ಧ ಕರು. ತಿನ್ನೋರಿಗೆ ಗೊತ್ತಾದ್ರೆ ತಾನೆ!" ಅವಳು ಪಾತ್ರೆಯ ಕಡೆ ಮೂಗು ತಿರುಗಿಸಿದಳು. "ಇದಕ್ಕೂ ವೈನು ಬಿದ್ದಿದೆ. ಝೆನೋಬಿ ವಿನಿಗರ್ ಹಾಕೋಳು."

ಪಟ್ಟಣದಲ್ಲಿ ಹೋಟೆಲು ಇರುವವನು ಊರಿಗೆಲ್ಲ ಒಬ್ಬನೇ. ಝೆನೋಬಿಯ ತಂಗಿಯ ಮಗ ಆರ್ಸೆನ್ ಕಾಂತ್ರೆಲ್. ನ್ಯೂ ಒರ್ಲಿಯನ್ಸಿನಲ್ಲಿ ಅವನ ಹೋಟೆಲಿನ ಬೋರ್ಡಿನ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದಿತ್ತು: ಝೆನೋಬಿ ದೊಡ್ಡಮ್ಮನ ಕೈಯಡುಗೆಯ ಆಮೆ ಸೂಪು.

*

ಸಾವಿನ ಮನೆಯಲ್ಲಿ ಕನ್ನಡಿಗಳಿಗೆ ಕಪ್ಪು ಬಟ್ಟೆ ಹೊದಿಸಿದ್ದರು, ಗಡಿಯಾರ ನಿಲ್ಲಿಸಿದ್ದರು. ಈಸ್ಟರ್ ಕಳೆಯುವವರೆಗೆ ಮಣ್ಣು ಮಾಡುವಂತಿಲ್ಲವಾದ್ದರಿಂದ ಹಜಾರದಲ್ಲಿ ಪೆಟ್ಟಿಗೆಯ ಸುತ್ತ ಕೂತ ಹೆಂಗಸರು ಜಪಮಾಲೆ ಹಿಡಿದು ಗುನುಗುತ್ತಿದ್ದರು.

ಜಗಲಿಯ ಕಂಬಕ್ಕೆ ಒರಗಿ ಷೆರೀಫ್ ಓನೆಸಿಮ್ ಲಬಾತ್ ಕಾಫಿ ಕುಡಿಯುತ್ತಿದ್ದರು. ಉತ್ತರದ ಗಾಳಿ ಮೈ ಕೊರೆಯುತ್ತಿತ್ತು. ಉಳಿದವರೆಲ್ಲ ಕೋಟಿನೊಳಗೆ ಮುದುಡಿದ್ದರೆ ಷೆರೀಫರ ಅಂಗಿಯ ತೋಳು ಮೊಣಕೈವರೆಗೆ ಮಡಚಿತ್ತು. ಅರವತ್ತರಲ್ಲೂ ತಮ್ಮ ಮೈ ಬಿಸಿ ಆರಿಲ್ಲ ಎಂದು ತೋರಿಸಿಕೊಳ್ಳುವುದು ಅವರ ಹಳೆಯ ಜಂಬ.

"ಏನಯ್ಯಾ ಪ್ರೊಫೆಸರ್, ಸೂಪು ಸೋಸಿ ಮುಗೀತಾ? ಉಪ್ಪು ಸರಿಯಾಗಿದೆಯಾ?"

"ಉಪ್ಪು ಸರಿಯಾಗಿದೆ, ಯಜಮಾನ್ರೇ."

"ಮತ್ತಿನ್ನೇನು. ಹೋಗಿ ಹೆಣಕ್ಕೆ ಒಂದು ಪ್ರಾರ್ಥನೆ ಹೇಳು, ಮನೆಗೆ ಹೋಗು."

ಎವಾರಿಸ್ತ್ ಪ್ರಾರ್ಥನೆ ಹೇಳಿದ. ಮೊಣಕಾಲೂರಿ ಕೂತಾಗ ಎದುರಿಗಿದ್ದ ಆರ್ಸೆನ್‌ನ ಬಲಗೈ ಹೆಬ್ಬೆರಳಿಗೆ ಸುತ್ತಿದ ಬಟ್ಟೆ ಕಂಡಿತು. ನಿನ್ನೆ ಹನ್ನೆರಡರಿಂದ ಮೂರು ಗಂಟೆಯವರೆಗೆ ಚರ್ಚಿನಲ್ಲಿ ಶಿಲುಬೆ ಹೊತ್ತಿದ್ದು ಇವನೇ. ಆಗ ಆ ಹೆಬ್ಬೆರಳು ಸರಿಯಾಗಿತ್ತು. ಎರಡನೆಯ ಬೆಂಚಿನಲ್ಲಿ ಕೂತಿದ್ದ ಎವಾರಿಸ್ತ್‌ಗೆ ಅದು ಚೆನ್ನಾಗಿ ನೆನಪಿತ್ತು.

"ಆರ್ಸೆನ್, ಹಿತ್ತಲಿಗೆ ಬಾ. ಒಂದು ಮಾತಿದೆ."

ಹಿತ್ತಲಿನ ಅಡುಗೆಮನೆಯ ನೆಲವನ್ನು ಯಾರೋ ತೊಳೆದಿದ್ದರು. ಕಲೆ ಮಾತ್ರ ಮರದೊಳಕ್ಕೆ ಇಳಿದಿತ್ತು. ಆರ್ಸೆನ್ ಅದರ ಮೇಲೆ ಕಾಲಿಡದೆ ಬಾಗಿಲಲ್ಲೇ ನಿಂತ. ದುಬಾರಿ ಸೂಟು, ನಿದ್ದೆಗೆಟ್ಟ ಕಣ್ಣು.

"ಬೆರಳಿಗೇನಾಯ್ತು?"

"ಕಾಫಿ ಮಾಡೋವಾಗ ಸುಟ್ಕೊಂಡೆ."

"ನೀನು ಬಾಣಸಿಗ. ಕಾಫಿ ಮಾಡಿ ಕೈ ಸುಟ್ಕೊಂಡ್ಯಾ?"

"ದುಃಖದಲ್ಲಿದ್ದೀನಿ ಕಣಯ್ಯಾ. ನಿನಗೆ ದೊಡ್ಡಮ್ಮ ಸತ್ತಿದ್ರೆ ಗೊತ್ತಾಗೋದು."

"ಪಾತ್ರೇಲಿ ಕರುವಿನ ಮಂಡಿ ಸಿಕ್ತು, ಆರ್ಸೆನ್."

ಆರ್ಸೆನ್ ಒಲೆಯ ಕಡೆ ನೋಡಿದ. ನಾಲಗೆಯಿಂದ ತುಟಿ ಒದ್ದೆ ಮಾಡಿಕೊಂಡ.

"ಶೆರ್ರಿ ವೈನೂ ಇದೆ. ಕ್ಲೆಲಿ ಅಜ್ಜಿ ಮೂಸಿದ್ಳು. ಅದು ಈ ಒಲೆಯ ಸೂಪಲ್ಲ, ನಿನ್ನ ಹೋಟ್ಲಿಂದು. ಅಲ್ಲ ಅಂತೀಯಾ? ಹಾಗಾದ್ರೆ ಜಗಲಿಗೆ ಹೋಗಿ ಎಲ್ಲರ ಮುಂದೆ ಹೇಳೋಣ. ದೊಡ್ಡಮ್ಮ ಶುಭ ಶುಕ್ರವಾರ ಊರಿಗೆಲ್ಲ ಕರು ತಿನ್ನಿಸೋಕೆ ಹೊರಟಿದ್ಳು ಅಂತ."

"ಬೇಡ." ಆರ್ಸೆನ್‌ನ ಧ್ವನಿ ಒಡೆಯಿತು. "ಅವಳ ಹೆಸರು ಕೆಡಿಸ್ಬೇಡ."

"ಮತ್ತೆ ಹೇಳು."

ಆರ್ಸೆನ್ ಹೊಸ್ತಿಲ ಮೇಲೆ ಕುಸಿದು ಕೂತ.

"ಮೂರು ವರ್ಷದಿಂದ ಪಾತ್ರೆ ನಾನೇ ತರ್ತಿದ್ದೀನಿ. ಅವಳ ಕೈ ನಡುಗ್ತಿತ್ತು, ಚಾಕು ನಿಲ್ತಿರಲಿಲ್ಲ. ಊರಿಗೆ ಗೊತ್ತಾಗಬಾರ್ದು ಅಂತ ಅತ್ತಿದ್ಳು. ಪ್ರತಿ ವರ್ಷ ನಾನೇ ಕೈಯಾರೆ ಮಾಡ್ತಿದ್ದೆ, ಬರೀ ಆಮೆ. ಈ ಸಲ ಗುರುವಾರ ಹೋಟ್ಲು ತುಂಬಿಹೋಗಿತ್ತು. ಪಾತ್ರೆ ತುಂಬೋಕೆ ಅಡುಗೆಯವನಿಗೆ ಹೇಳಿದೆ. ಅವನು ದಿನಾ ತುಂಬೋ ಹಂಡೆಯಿಂದಲೇ ತುಂಬಿದ."

"ನಿನಗೆ ಗೊತ್ತಾಗಲಿಲ್ವಾ?"

"ಹದಿನೈದು ವರ್ಷದಿಂದ ಕರು ಹಾಕ್ತಿದ್ದೀನಯ್ಯಾ. ನನ್ನ ಮೂಗಿಗೆ ಈಗ ಅದೇ ಆಮೆ ವಾಸನೆ." ಅವನು ನಕ್ಕ, ಅದು ನಗುವಾಗಲಿಲ್ಲ. "ಅವಳಿಗೆ ಒಂದೇ ಚಮಚ ಸಾಕಾಯ್ತು. ಹನ್ನೊಂದು ಗಂಟೆ. ಚಮಚ ಕೆಳಗಿಟ್ಟು ನನ್ನ ಮುಖ ನೋಡಿದ್ಳು. 'ನನ್ನ ಹೆಸರು ಬರೆದ ಬೋರ್ಡಿನ ಕೆಳಗೆ ಇದನ್ನೇ ಮಾರ್ತೀಯಾ?' ಅಂದ್ಳು. ಪಾದ್ರಿಗಳಿಗೆ ಹೇಳ್ತೀನಿ, ಪ್ರಾರ್ಥನೆ ಮುಗಿದ ಮೇಲೆ ಊರಿನ ಮುಂದೆ ನಿಂತು ಹೇಳ್ತೀನಿ ಅಂತ ಅಳೋಕೆ ಶುರು ಮಾಡಿದ್ಳು."

"ಆಗ ನೀನು?"

"ಓಡಿಹೋದೆ. ಹೋಗಿ ಶಿಲುಬೆ ಹೊತ್ತೆ. ಮೂರು ಗಂಟೆ ಹೊತ್ತೆ, ನೀನೇ ನೋಡಿದ್ಯಲ್ಲ."

ಅತ್ತಿದ್ದ ಗಂಟಲು, ಎಂದಿದ್ದ ವರ್ದೇನ್. ಆ ಮಾತನ್ನು ಎವಾರಿಸ್ತ್ ತನ್ನ ಟಿಪ್ಪಣಿ ಪುಸ್ತಕದ ಹೊರಗೆ ಯಾರಿಗೂ ಹೇಳಿರಲಿಲ್ಲ. ಒಬ್ಬರನ್ನೊಬ್ಬರು ನೋಡದ ಇಬ್ಬರು ಒಂದೇ ಅಳುವನ್ನು ಕೇಳಿದ್ದರು.

"ಬಟ್ಟೆ ಬಿಚ್ಚು."

ಹೆಬ್ಬೆರಳಿನ ಎರಡೂ ಕಡೆ ಅರ್ಧಚಂದ್ರಾಕಾರದ ಸೀಳು, ನಡುವೆ ನೀಲಿಗಟ್ಟಿದ ಚರ್ಮ. ಸುಟ್ಟ ಗಾಯವಲ್ಲ. ಆಮೆಯ ಕೊಕ್ಕಿನ ಗಾಯ.

"ಕಡಿದ ತಲೆ ಗಂಟೆಗಟ್ಟಲೆ ಕಚ್ಚುತ್ತೆ ಅನ್ನೋದನ್ನೂ ಪಟ್ಟಣಕ್ಕೆ ಹೋಗಿ ಮರ್ತುಬಿಟ್ಯಾ?"

"ಮರ್ತಿದ್ದೆ." ಆರ್ಸೆನ್ ಗಾಯದ ಕಡೆ ನೋಡುತ್ತಿದ್ದ. "ಮೂರೂವರೆಗೆ ಕಾಲು ಹಿಡ್ಕೊಳ್ಳೋಣ ಅಂತ ಬಂದೆ. ಇಲ್ಲಿ ಬಿದ್ದಿದ್ಳು. ತಣ್ಣಗಾಗಿದ್ಳು. ಹೊರಗೆ ಮೊಳೇಲಿ ಎರಡು ಆಮೆ ತೂಗ್ತಿತ್ತು, ಕೊರಡಿನ ಮೇಲೆ ಎರಡು ತಲೆ. ಹಸಿ ಆಮೆ ಹಾಗೇ ಇದ್ರೆ ಪಾತ್ರೇಲಿರೋದು ಎಲ್ಲಿಂದ ಬಂತು ಅಂತ ಯಾರಾದ್ರೂ ಕೇಳೇ ಕೇಳ್ತಾರೆ. ಎಲ್ಲಾನೂ ಗೋಣಿಚೀಲಕ್ಕೆ ತುಂಬಿದೆ. ಒಂದು ತಲೆ ಹಿಡೀತು ನೋಡು..."

"ಅವಳು ಸತ್ತು ಬಿದ್ದಿದ್ದಾಗ ನೀನು ಯೋಚಿಸಿದ್ದು ಬೋರ್ಡಿನ ಬಗ್ಗೆ."

"ಹೌದು."

"ಆ ಚೀಲ ಇದ್ದಿದ್ರೆ ವರ್ದೇನ್ ಇವತ್ತು ಮನೇಲಿರ್ತಿದ್ದ."

"ಹೌದು ಅಂದ್ನಲ್ಲಾ!" ಆರ್ಸೆನ್ ಮುಖ ಮುಚ್ಚಿಕೊಂಡ. "ಕೊಂದವನು ನಾನಲ್ಲ, ಎವಾರಿಸ್ತ್. ದೇವರಾಣೆ. ಅವಳು ಇನ್ನೊಂದು ಮಾತು ಹೇಳಿದ್ಳು. ಆಗ ನನಗೆ ತಲೆಗೆ ಹೋಗಲಿಲ್ಲ. 'ಇವತ್ತು ಈ ಬಾಗಿಲಿಗೆ ಬಂದ ಕಳ್ಳರಲ್ಲಿ ನೀನು ಎರಡನೆಯವನು. ಮೊದಲನೆಯವನು ಯೋಚಿಸಿ ಬರ್ತೀನಿ ಅಂತ ಹೋಗಿದ್ದಾನೆ. ಇಬ್ಬರ ವಿಷಯಾನೂ ಇವತ್ತೇ ಹೇಳ್ತೀನಿ' ಅಂದ್ಳು."

"ಮೊದಲನೆಯವನು ಯಾರು?"

"ಹೇಳಲಿಲ್ಲ. ನಾನೂ ಕೇಳಲಿಲ್ಲ."

ಎವಾರಿಸ್ತ್ ಬಾಗಿಲಾಚೆ ನೋಡಿದ. ಕೊರಡು ಅಲ್ಲೇ ಇತ್ತು. ಅಡುಗೆಮನೆಯಿಂದ ನಾಲ್ಕು ಹೆಜ್ಜೆ. ಕೊಡಲಿ ಬೇಕಾದವನು ಹೊರಗೆ ಬಂದು ಅದರ ಮೇಲೆ ಕೈ ಚಾಚಲೇಬೇಕಿತ್ತು. ಹನ್ನೆರಡೂವರೆಯಿಂದ ಮೂರೂವರೆಯ ನಡುವೆ. ಪಕ್ಕದಲ್ಲಿ ಆಗತಾನೆ ಕಡಿದ ಎರಡು ತಲೆ.

"ಚೀಲ ಎಲ್ಲಿ?"

*

ಅದು ಹಿತ್ತಲ ದೋಣಿಕಟ್ಟೆಯ ಕೆಳಗೆ ನೀರಿನಲ್ಲೇ ಇತ್ತು. ಎರಡು ಇಟ್ಟಿಗೆ ಕಟ್ಟಿ ದೋಣಿ ನಿಲ್ಲಿಸುವ ಕಂಬದ ಬುಡಕ್ಕೆ ಇಳಿಬಿಟ್ಟಿದ್ದ. ಎವಾರಿಸ್ತ್ ಕೊಕ್ಕೆ ಹಾಕಿ ಎಳೆದ. ಚೀಲ ಹಲಗೆಯ ಮೇಲೆ ಬಿದ್ದು ಕಂದು ನೀರು ಉಗುಳಿತು.

ಎರಡು ಆಮೆ. ಒಂದೇ ಪೆಟ್ಟಿಗೆ ನೇರವಾಗಿ ಕಡಿದ ಕುತ್ತಿಗೆ, ಹಿಂಗಾಲಿಗೆ ಕಟ್ಟಿದ ಹಂಬಿನ ಗಂಟು. ಹಾಗೆ ಗಂಟು ಹಾಕುವವನು ಈ ಹಿನ್ನೀರಿನಲ್ಲಿ ವರ್ದೇನ್ ಒಬ್ಬನೇ.

ಎವಾರಿಸ್ತ್ ಉಸಿರು ಬಿಟ್ಟ. ನಿನ್ನೆ ಸಂಜೆ ಬೇಡಿ ಹಾಕುವಾಗ ವರ್ದೇನ್ ಒಂದು ಮಾತೂ ಆಡದೆ ಎರಡೂ ಕೈ ಮುಂದೆ ಹಿಡಿದಿದ್ದ. ಆ ಕೈಗಳನ್ನು ಇವತ್ತು ಬಿಡಿಸಬಹುದು.

"ತಲೆ ಮುಟ್ಟಬೇಡ," ಎಂದ ಆರ್ಸೆನ್.

"ಇಪ್ಪತ್ತೆಂಟು ಗಂಟೆ ಆಯ್ತು. ಇನ್ನು ಕಚ್ಚಲ್ಲ."

ಮೊದಲ ತಲೆಯ ಬಾಯಿ ಅರೆ ತೆರೆದಿತ್ತು. ಕೊಕ್ಕಿನ ಅಂಚಿನಲ್ಲಿ ಆರ್ಸೆನ್‌ನ ಚರ್ಮದ ಚೂರು. ಎರಡನೆಯದು ಬಿಗಿಯಾಗಿ ಮುಚ್ಚಿತ್ತು. ಮುಚ್ಚಿದ ಬಾಯಿಯ ಮೂಲೆಯಿಂದ ಏನೋ ಹೊರಗೆ ಇಣುಕುತ್ತಿತ್ತು. ಪಾಚಿ ಇರಬೇಕು ಎಂದುಕೊಂಡು ಬೆರಳಿಂದ ಒರೆಸಿದ. ಪಾಚಿಯಲ್ಲ. ನೂಲು.

"ನಿನ್ನನ್ನು ಕಚ್ಚಿದ್ದು ಒಂದೇ ತಲೆ ತಾನೆ?"

"ಒಂದೇ. ಇನ್ನೊಂದನ್ನು ಹಿಂದಿನಿಂದ ಹಿಡಿದು ಹಾಕಿದೆ. ಯಾಕೆ?"

ಎವಾರಿಸ್ತ್ ಜೇಬಿನಿಂದ ಇಕ್ಕುಳ ತೆಗೆದ. ದವಡೆ ಸುಲಭಕ್ಕೆ ಬಿಡಲಿಲ್ಲ. ಮೊಣಕಾಲಿನಲ್ಲಿ ಒತ್ತಿಹಿಡಿದು, ಚಾಕುವಿನ ತುದಿ ತೂರಿಸಿ, ಮೀಟಿದ. ಲಟಕ್ಕೆಂದಿತು.

ಒಳಗೆ ನಾಲಗೆಗೆ ಅಂಟಿಕೊಂಡು ಒಂದು ಬಟ್ಟೆಯ ಚೂರು. ಖಾಕಿ. ತೋಳಿನ ಪಟ್ಟಿಯ ಮೂಲೆ. ಅದಕ್ಕೆ ಇನ್ನೂ ಹೊಲಿದುಕೊಂಡೇ ಇದ್ದ ಒಂದು ಹಿತ್ತಾಳೆ ಗುಂಡಿ.

ಹೆಬ್ಬೆರಳಿನಿಂದ ಕೆಸರು ಉಜ್ಜಿದ. ರೆಕ್ಕೆ ಬಿಚ್ಚಿದ ಹೆಜ್ಜಾರ್ಲೆ ಹಕ್ಕಿ. ರಾಜ್ಯದ ಲಾಂಛನ.

ಅವನು ತನ್ನ ಎಡ ತೋಳು ನೋಡಿಕೊಂಡ, ಆಮೇಲೆ ಬಲ ತೋಳು. ಎರಡು ಹೆಜ್ಜಾರ್ಲೆಗಳೂ ತಮ್ಮ ತಮ್ಮ ಜಾಗದಲ್ಲಿದ್ದವು. ಈ ಜಿಲ್ಲೆಯಲ್ಲಿ ಅಂಥ ಅಂಗಿ ತೊಡುವವರು ಇಬ್ಬರೇ.

ಸೇತುವೆ ಕಾಯುತ್ತಿದ್ದೆ ಎಂದಿದ್ದರು. ಊರೆಲ್ಲ ಚರ್ಚಿನಲ್ಲಿದ್ದ ಹೊತ್ತು. ಸೇತುವೆಯ ಮೇಲೆ ಅವರನ್ನು ಕಂಡವರು ಯಾರು? ಯೋಚಿಸಿ ಬರ್ತೀನಿ ಎಂದು ಹೋದ ಮೊದಲನೆಯ ಕಳ್ಳ ಇವರೇ ಇರಬೇಕು; ಕದ್ದದ್ದು ಏನೆಂದು ಝೆನೋಬಿಯೊಬ್ಬಳಿಗೇ ಗೊತ್ತಿತ್ತು.

ಹಿಂದೆ ಹಲಗೆಗಳು ಕಿರುಗುಟ್ಟಿದವು.

"ಮೀನು ಬಿತ್ತಾ, ಪ್ರೊಫೆಸರ್?"

ಎವಾರಿಸ್ತ್‌ನ ಮುಷ್ಟಿ ತಾನಾಗಿ ಮುಚ್ಚಿಕೊಂಡಿತು. ಗುಂಡಿಯ ಅಂಚು ಅಂಗೈಗೆ ಒತ್ತಿತು. ಪಕ್ಕದಲ್ಲಿ ಆರ್ಸೆನ್‌ನ ಮುಖ ಬಿಳಿಚಿತ್ತು. ಅವನೂ ಹಕ್ಕಿಯನ್ನು ನೋಡಿದ್ದ.

"ಆಮೆ, ಯಜಮಾನ್ರೇ. ವರ್ದೇನ್ ಹೇಳಿದ ಎರಡು ಆಮೆ. ಅವನು ಸುಳ್ಳು ಹೇಳಿಲ್ಲ."

"ಹೌದಾ." ಲಬಾತ್ ಹತ್ತಿರ ಬಂದರು. ಬಿಚ್ಚಿದ್ದ ಚೀಲ, ಎರಡು ತಲೆ, ಎವಾರಿಸ್ತ್‌ನ ಮೊಣಕಾಲ ಬಳಿ ಬಿದ್ದ ಇಕ್ಕುಳ. ಅವರ ನೋಟ ತೆರೆದ ದವಡೆಯ ಮೇಲೆ ಸ್ವಲ್ಪ ಹೆಚ್ಚೇ ಹೊತ್ತು ನಿಂತಿತು. "ಒಳ್ಳೇ ಕೆಲಸ. ಆದ್ರೆ ಈಗ ತಡವಾಯ್ತು ನೋಡು. ಠಾಣೆ ಮುಂದೆ ಜನ ಸೇರ್ತಿದ್ದಾರೆ, ನನಗೆ ಅದು ಹಿಡಿಸ್ತಿಲ್ಲ. ಸೋಮವಾರದವರೆಗೆ ಕಾಯೋದು ಬೇಡ. ವರ್ದೇನನ್ನು ಈಗಲೇ ಜಿಲ್ಲಾ ಜೈಲಿಗೆ ಕರ್ಕೊಂಡು ಹೊರಟಿದ್ದೀನಿ. ಗಾಡೀಲಿ ಕೂತಿದ್ದಾನೆ."

ಮನೆಯ ಮುಂದೆ ಇಂಜಿನ್ನು ಗುರುಗುಡುತ್ತಿರುವುದು ಎವಾರಿಸ್ತ್‌ಗೆ ಆಗ ಕೇಳಿಸಿತು.

"ಜೌಗಿನ ದಾರಿ, ಯಜಮಾನ್ರೇ. ನಲವತ್ತು ಮೈಲಿ. ನಾನೂ ಬರ್ತೀನಿ."

"ನೀನ್ಯಾಕೆ? ಬೇಡಿ ಹಾಕಿರೋ ಒಬ್ಬನಿಗೆ ನಾನೊಬ್ಬ ಸಾಲದಾ?" ಷೆರೀಫ್ ನಕ್ಕು, ಬಗ್ಗಿ ಚೀಲದ ಬಾಯಿ ಹಿಡಿದರು. "ಇದನ್ನೂ ಒಯ್ತೀನಿ. ಪುರಾವೆ ಅಲ್ವಾ? ಏನಾದ್ರೂ ಕೈಯಲ್ಲಿ ಇಟ್ಕೊಂಡಿದ್ರೆ ಅದನ್ನೂ ಇದರೊಳಗೆ ಹಾಕಿಬಿಡು, ಮಗಾ."

ಗಾಳಿ ಜೋರಾಗಿ ಬೀಸಿತು. ಮೊಣಕೈವರೆಗೆ ಮಡಚಿದ್ದ ಅವರ ಬಲತೋಳಿನ ಮಡಿಕೆ ಸಡಿಲಾಗಿ ಅರ್ಧ ಕೆಳಗಿಳಿಯಿತು. ತುದಿಯಲ್ಲಿ ಪಟ್ಟಿಯ ಮೂಲೆ ಇರಲಿಲ್ಲ. ಹರಿದ ನೂಲುಗಳು ಮಾತ್ರ ಗಾಳಿಗೆ ಅದುರುತ್ತಿದ್ದವು.

ಷೆರೀಫ್ ಅದನ್ನು ಮತ್ತೆ ಮಡಚಿಕೊಳ್ಳಲಿಲ್ಲ. ಚೀಲ ಎಡಗೈಯಲ್ಲಿ ಹಿಡಿದು, ಆ ಕೈಯನ್ನು ಎವಾರಿಸ್ತ್‌ನ ಮುಷ್ಟಿಯ ಕಡೆ ಚಾಚಿ ನಿಂತರು.